ನಿನ್ನ ರಕ್ತ, ನಿನ್ನ ಡಬ್ಬಿ

ನನ್ನ ಮುದ್ದಿನ ಅಪ್ಪಾ,

ನಿನ್ನಿಂದ ಅಕ್ಕನಿಗೆ ಬಂದ ರಕ್ತದ ದೋಷ ನನಗೆ ಬಂದಿಲ್ಲವಂತೆ, ಇವತ್ತೇ ರಿಪೋರ್ಟ್ ಸಿಕ್ಕಿತು! ನನ್ನ ಗಂಡ (ಹೌದಪ್ಪಾ, ನನಗೂ ಒಬ್ಬ ಗಂಡ, ಮದುವೆಯಾಗಿ ನಲವತ್ತೇ ದಿನ, ಎಷ್ಟು ಒಳ್ಳೆಯವರು ಗೊತ್ತಾ!) ಆಸ್ಪತ್ರೆಯಿಂದ ಸೀದಾ ಪೇಡೆ ತರಲು ಓಡಿದರು. ಹೈದರಾಬಾದಿನ ನಮ್ಮ ಬಿಲ್ಡಿಂಗಿನವರೆಲ್ಲ ತಿಂದರು. ನಾನು ಮಾತ್ರ ನನ್ನ ಪಾಲಿನದನ್ನು ಡಬ್ಬದಲ್ಲೇ ಬಿಟ್ಟೆ. ಇದೂ ಅಕ್ಕನಿಗೇನಾ ಅಪ್ಪಾ?

ವಾಡಿಯ ಕ್ವಾರ್ಟರ್ಸ್ ನೆನಪಿದೆಯಾ? ಸಿಮೆಂಟ್ ಫ್ಯಾಕ್ಟರಿಯಿಂದ ಬಂದು ಕಟ್ಟೆಯ ಮೇಲೆ ಕೂತರೆ ನೀನು ಕರೆಯುತ್ತಿದ್ದುದು ಅಕ್ಕನನ್ನೇ. ಅವಳ ಅಂಗೈಯಲ್ಲಿ ತಂಬಾಕು, ಸುಣ್ಣ. ಅವಳೇ ತಿಕ್ಕಿ, ತಟ್ಟಿ ಕೊಡಬೇಕು. ನಾನು ಕೈ ಚಾಚಿದರೆ, "ನೀ ಬ್ಯಾಡವ್ವಾ, ಇಂಗ್ಲಿಷ್ ಸಾಲಿಯಾಕಿ, ಕೈ ನಾತ ಹೊಡಿತದ" ಎಂದು ನಗುತ್ತಿದ್ದೆ. ಟೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನಾನೆಷ್ಟು ಉರಿದಿದ್ದೇನೆ... ನೀನು ತೀರಿಹೋದ ಮೇಲೆ ನಿನ್ನ ಹಿತ್ತಾಳೆಯ ತಂಬಾಕು ಡಬ್ಬಿಯೂ ಅವಳ ಪಾಲಾಯಿತು.

ಹೆರಿಗೆಯಾದ ವಾರದಲ್ಲೇ ಅಕ್ಕನ ಕಾಲು ಬಾತುಕೊಂಡಿತು, ಥೇಟ್ ಕೊನೆಯ ದಿನಗಳ ನಿನ್ನ ಕಾಲಿನಂತೆ. ವಾಡಿಯಿಂದ ಇಲ್ಲಿಗೆ ಕರೆತಂದೆವು. ರಕ್ತ ಬೇಗ ಹೆಪ್ಪುಗಟ್ಟುವ ಗುಣ, ತಂದೆಯಿಂದ ಬಂದಿರಬೇಕು, ತಂಗಿಯೂ ಪರೀಕ್ಷೆ ಮಾಡಿಸಲಿ ಅಂದರು ಡಾಕ್ಟರು. ನಿನ್ನ ಬಾಯಿಯ ಕ್ಯಾನ್ಸರಿನ ಬಗ್ಗೆಯೂ ಕೇಳಿದರು. ಇಂಥ ರಕ್ತದವರಿಗೆ ಅದರ ಅಪಾಯ ಹೆಚ್ಚೇ ಎಂಬುದು ಇನ್ನೂ ಖಚಿತವಿಲ್ಲವಂತೆ. "ತಂಬಾಕಿನಿಂದ ಬರುವುದಂತೂ ಖಚಿತ. ನೀವು ತಿನ್ನುತ್ತೀರಾ?" ಅಕ್ಕ ಇಲ್ಲ ಅಂದಳು. ಅವಳು ಕೈಚೀಲ ಸರಿಸಿದಾಗ ಒಳಗೆ ಡಬ್ಬಿ ಖಣ್ ಅಂದದ್ದು ನನಗೆ ಕೇಳಿಸಿತು.

ಇವತ್ತು, ವಾಡಿಗೆ ಮರಳಿರುವ ಅಕ್ಕನಿಗೆ ಫೋನಿನಲ್ಲಿ ರಿಪೋರ್ಟಿನ ಸುದ್ದಿ ಹೇಳುತ್ತಾ ಹೊಟ್ಟೆಕಿಚ್ಚನ್ನೂ ಕಕ್ಕಿಬಿಟ್ಟೆ. "ಅಪ್ಪನ ಮೂಗು ನಿನಗ, ಡಬ್ಬಿ ನಿನಗ, ಈಗ ರಕ್ತಾನೂ ನಿನಗ! ನನಗೇನು ಬಂತು?"

ಅಕ್ಕ ನಕ್ಕಳು. "ಹುಚ್ಚಿ, ನಿನಗ ಸಾಲಿ ಬಂತು. ನನಗ ಹನ್ನೊಂದು ವರ್ಷಕ್ಕ ಈ ತಂಬಾಕಿನ ಚಟ ಬಂತು. ನೀ ಟೈ ಕಟ್ಕೊಂಡ್ ಹೋಗೂದ್ ನೋಡಿ ನಾ ಎಷ್ಟ್ ಉರದೀನಿ, ಗೊತ್ತದೇನು?"

ಅವಳೂನಾ, ಅಪ್ಪಾ? ನನಗೆ ಒಮ್ಮೆಯಾದರೂ ಯಾಕೆ ಗೊತ್ತಾಗಲಿಲ್ಲ...

"ಹಂಗಾದ್ರ ಡಬ್ಬಿ ನನಗ ಕೊಡು. ಅದು ನನ್ನ ಪಾಲು," ಅಂದೆ. ಆ ಕಡೆ ಅಳುತ್ತಿದ್ದ ಕೂಸನ್ನು ಅಕ್ಕ ತಟ್ಟಿ ಸಮಾಧಾನ ಮಾಡಿದಳು.

"ಬಂದು ತಗೊಂಡ್ ಹೋಗು," ಅಂದಳು. "ಲಗೂ ಬಾ. ಭಾಳ ದಿನ ಬಿಟ್ಟರ ನಾ ಕೊಡಂಗಿಲ್ಲ."

ಇಷ್ಟು ವರ್ಷ ಆಸೆಪಟ್ಟದ್ದನ್ನು ಬಿಡುತ್ತೇನಾ? ಡಬ್ಬಿ ನನ್ನ ಚೀಲಕ್ಕೆ; ಅಕ್ಕನನ್ನೂ ಕೂಸನ್ನೂ ಕರಕೊಂಡು ಅವಳ ಬಾಯಿ ತೋರಿಸಲು ಡಾಕ್ಟರ ಹತ್ತಿರ. ನಾಡಿದ್ದು ಭಾನುವಾರ, ಹೈದರಾಬಾದಿನ ಪ್ಯಾಸೆಂಜರ್ ರೈಲಿಗೆ ಬಂದು ವಾಡಿಯಲ್ಲಿ ಇಳಿಯುತ್ತೇನೆ.