ಸಟವಿಗೆ ಇಟ್ಟ ಪೆನ್ನು

ರಾಯಬಾಗ
೨೪ ನವೆಂಬರ್ ೨೦೧೬

ಪ್ರೀತಿಯ ದೊಡ್ಡವ್ವ,

ನಿನ್ನ ಸ್ನೇಹಲಳ ನಮಸ್ಕಾರ. ಮೊಬೈಲ್ ಇರುವಾಗ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಎನ್ನಬೇಡ. ಫೋನಿನಲ್ಲಿ ನೀನು ಮಾತಾಡಿದರೆ ಕರೋಶಿಯ ಅರ್ಧ ಊರಿಗೆ ಕೇಳುತ್ತದೆ, ಈ ವಿಷಯ ಅರ್ಧ ಊರಿಗೆ ಹೇಳುವಂಥದ್ದಲ್ಲ. ಅಂಗನವಾಡಿಯಲ್ಲಿ ನನಗೆ ಅಕ್ಷರ ತಿದ್ದಿಸಿದವಳು ನೀನೇ. ಕನ್ನಡಕ ಹಾಕಿಕೊಂಡು ನೀನೊಬ್ಬಳೇ ಓದು.

ನಾನು ಎಂಥ ನೌಕರಿ ಮಾಡುತ್ತೇನೆಂದು ಸಿಕ್ಕಾಗಲೆಲ್ಲ ಕೇಳುತ್ತೀ. ತಾಲೂಕಾ ದವಾಖಾನೆಯ ನರ್ಸೇ ಹೌದು, ಆದರೆ ಸೂಜಿ ಚುಚ್ಚುವುದಕ್ಕಿಂತ ಕೂತು ಕೇಳುವುದೇ ಹೆಚ್ಚು. ಮನಸ್ಸಿನ ಕಾಯಿಲೆ ಒಮ್ಮೆಲೇ ಏರಿ ಮನೆಯವರ ಕೈ ಮೀರಿದಾಗ ಆ ಊರಿನ ಆಶಾ ಕಾರ್ಯಕರ್ತೆ ನನಗೆ ಫೋನ್ ಮಾಡುತ್ತಾಳೆ, ನಾನು ಆ ಮನೆಗೆ ಹೋಗುತ್ತೇನೆ. ಕೆಲವರು ಚಹಾ ಕೊಡುತ್ತಾರೆ, ಕೆಲವರು ನಾಯಿ ಬಿಡುತ್ತಾರೆ. ಈ ನೌಕರಿ ಸುರಜನಿಗೆ ಸೇರುವುದಿಲ್ಲ ಎಂದು ಮದುವೆಯಲ್ಲಿ ನೀನು ಅಂಜಿದ್ದೆಯಲ್ಲ, ಈಗ ನೋಡು, ದಸರೆಯಿಂದೀಚೆಗೆ ನನ್ನ ಸ್ಕೂಟಿ ಬಿಡಿಸಿ ತಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ, ಅದೂ ಎತ್ತಿನ ಗಾಡಿಗಿಂತ ನಿಧಾನ.

ದೀಪಾವಳಿಗೆ ಮುಂಚೆ ಹಾಗೆ ಪಾಲಬಾವಿಗೆ ಹೋಗಿದ್ದೆವು. ಕುರಿ ಸಾಕುವ ಮನೆ. ಭೀಮಾಬಾಯಿಯ ಮಗಳು ಅನುಸೂಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಹೆತ್ತಿದ್ದಳು. ಐದನೇ ದಿನದ ಪೂಜೆಯಲ್ಲಿ, ಸಟವಿ ದೇವಿ ಬಂದು ಕೂಸಿನ ಹಣೆಬರಹ ಬರೆಯಲೆಂದು ಹಾಳೆ, ಪೆನ್ನು ಇಡುತ್ತಾರಲ್ಲ, ಭೀಮಾಬಾಯಿ ಗಡಿಬಿಡಿಯಲ್ಲಿ ಇಟ್ಟದ್ದು ಮಸಿ ಒಣಗಿದ ಪೆನ್ನು. ಮರುದಿನ ಅನುಸೂಯಾ ಗೀಚಿ ನೋಡಿದಳು, ಮೂಡಲಿಲ್ಲ. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು: ನನ್ನ ಮಗಳ ಹಣೆ ಖಾಲಿ ಉಳಿದಿದೆ, ಸಟವಿ ಸಿಟ್ಟಾಗಿ ತಿರುಗಿ ಬರುತ್ತಾಳೆ, ಆಯುಷ್ಯವೇ ಇಲ್ಲವೆಂದು ಬರೆಯುತ್ತಾಳೆ. ನಿದ್ದೆ ಬಿಟ್ಟಳು, ಊಟ ಬಿಟ್ಟಳು. ಹಣೆ ಕಾಣಬಾರದೆಂದು ಕೂಸಿನ ಕುಂಚಿಗೆಯನ್ನು ಮೂಗಿನವರೆಗೆ ಎಳೆದು ಕಟ್ಟಿ, ಎದೆಗವಚಿಕೊಂಡು ಮೂಲೆ ಹಿಡಿದಳು. ಯಾರಾದರೂ ಹತ್ತಿರ ಹೋದರೆ ಅದನ್ನು ಇನ್ನೂ ಕೆಳಗೆ ಜಗ್ಗುತ್ತಿದ್ದಳು.

ನಾವು ಮುಟ್ಟಿದಾಗ ಮಧ್ಯಾಹ್ನ. ಅವಳ ಗಂಡ ಮಲಕಾರಿ ದಿಗ್ಗೇವಾಡಿಯಿಂದ ಬಂದು ದಿಕ್ಕು ತೋಚದೆ ಅಂಗಳದಲ್ಲಿ ನಿಂತಿದ್ದ. ಕೂಸನ್ನು ಕಸಿದುಕೊಂಡು ಇವಳನ್ನು ಕಟ್ಟಿಹಾಕಿ ಎಂದು ಕೆಲವರು, ದೇವರ ಹೇಳಿಕೆ ಕೇಳೋಣ ಎಂದು ಕೆಲವರು. ಭೀಮಾಬಾಯಿ ಆ ಪೆನ್ನನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಎಲ್ಲ ತನ್ನಿಂದಲೇ ಆಯಿತೆಂದು ಅಳುತ್ತಿದ್ದಳು. ನಾನು ಡಾಕ್ಟರಿಗೆ ಫೋನ್ ಹಚ್ಚಿದೆ. ಯಾವ ಗುಳಿಗೆ ಕೊಡಬೇಕೆಂದು ಹೇಳಿದರು, ಅಂಬುಲೆನ್ಸ್ ಕಳಿಸುತ್ತೇವೆಂದರು. ಅದು ಬರುವವರೆಗೆ ಕೂಸಿನ ಉಸಿರು ನಿಲ್ಲಬಾರದು, ಜಗ್ಗಾಡಿದರೆ ಅದೇ ಆಗುತ್ತಿತ್ತು. ಭೀಮಾಬಾಯಿಯನ್ನು ಜೊತೆಗೆ ಕರೆದುಕೊಂಡು ಒಳಗೆ ಹೋದೆ ದೊಡ್ಡವ್ವ.

ಆಗ ನೀನು ನೆನಪಾದೆ. ಚಿಕ್ಕವಳಿದ್ದಾಗ ನಾನು ಹಟ ಮಾಡಿದರೆ ಅನ್ನುತ್ತಿದ್ದೆಯಲ್ಲ, ನಿನ್ನ ಹಣೆಬರಹದ ದಿನ ನಾನು ಬಾಗಿಲಿಗೆ ಹಗ್ಗ ಹೆಣೆದ ಹೊರಸು ಅಡ್ಡ ಹಾಕಿಕೊಂಡು ಎಚ್ಚರವೇ ಇದ್ದೆ, ಸಟವಿ ನನ್ನನ್ನು ಕೇಳಿಯೇ ಬರೆದಿದ್ದಾಳೆ ಎಂದು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅವ್ವ ಮಾತ್ರ ನಗುತ್ತಿರಲಿಲ್ಲ.

ನಾನು ಅನುಸೂಯಾಳ ಹತ್ತಿರ ಹೋಗಲಿಲ್ಲ, ಬಾಗಿಲಿಗೆ ಅಡ್ಡವಾಗಿ ಕೂತೆ. ಸಟವಿ ಇಲ್ಲವೆಂದು ವಾದ ಮಾಡಲಿಲ್ಲ, ಬರುತ್ತಾಳೆಂದು ಸುಳ್ಳೂ ಹೇಳಲಿಲ್ಲ.

"ಆಕಿ ಬರ್ತಾಳೋ ಇಲ್ಲೋ ನನಗ ಗೊತ್ತಿಲ್ಲ ತಂಗಿ. ನೀ ಭಾಳ ದಣದೀದಿ, ಅಷ್ಟ ಕಾಣತೈತಿ. ನೀ ಮಲಕ್ಕೋ, ನಾ ಎಚ್ಚರ ಇರ್ತೀನಿ," ಎಂದೆ.

ಅವಳು ಕುಂಚಿಗೆ ಬಿಗಿಹಿಡಿದೇ ನನ್ನನ್ನು ನೋಡಿದಳು. ಆಮೇಲೆ ಕೇಳಿದಳು, "ನಿಮಗ ನಿದ್ದಿ ಹತ್ತಿದ್ರ ಹ್ಯಾಂಗ್ರಿ ಅಕ್ಕಾರ?"

"ನನ್ನ ಹಿಂದ ನಿಮ್ಮವ್ವ ಕುಂತಾಳ. ಆಕಿಗೆ ಹತ್ತಿದ್ರ ಮಲಕಾರಿ ಅದಾನ. ಪಾಳಿ ಹಚ್ಚೀವಿ."

ಕುರಿ ದಡ್ಡಿ ಕಾಯುವ ಮನೆಯ ಮಗಳಿಗೆ ಪಾಳಿ ಎಂದರೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ತಾನೇ ಕುಂಚಿಗೆ ಮೇಲೆ ಸರಿಸಿದಳು. ಕೂಸು ಕೆಂಪಾಗಿ ಬೆವತಿತ್ತು. ಗಾಳಿ ತಾಗಿದ್ದೇ ಒಮ್ಮೆ ಸೀನಿತು, ಆ ಸೀನು ಕೇಳಿ ನನಗೆ ಅಳು ಬಂತು. ಅವಳು ಗುಳಿಗೆ ನುಂಗಿ, ಕೂಸನ್ನು ನನ್ನ ತೊಡೆಗೆ ಹಾಕಿ ಅಲ್ಲೇ ಒರಗಿದಳು. ಅಂಬುಲೆನ್ಸಿನಲ್ಲಿ ತಾಯಿ, ಕೂಸು, ಅಜ್ಜಿ ಮೂವರೂ ಒಟ್ಟಿಗೇ ಹೋದರು. ಪೆನ್ನಿನಿಂದ ಈ ಕಾಯಿಲೆ ಬರುವುದಿಲ್ಲ, ಕೆಲವು ಬಾಣಂತಿಯರಿಗೆ ಬರುತ್ತದೆ, ಔಷಧಕ್ಕೆ ವಾಸಿಯಾಗುತ್ತದೆ ಎಂದು ಭೀಮಾಬಾಯಿಗೆ ಮತ್ತೆ ಮತ್ತೆ ಹೇಳಿ ಕಳಿಸಿದೆ.

ಮೊನ್ನೆ ಮಂಗಳವಾರ ಅನುಸೂಯಾ ತಪಾಸಣೆಗೆ ಬಂದಿದ್ದಳು. ಕೂಸಿನ ತೆರೆದ ಹಣೆಯ ಮೇಲೆ ಕಾಡಿಗೆಯ ದೊಡ್ಡ ಬೊಟ್ಟು. ನನ್ನ ಕೈಗೆ ಕೊಟ್ಟು, ನೀವು ಕಾದ ಕೂಸು ನೋಡ್ರಿ ಎಂದಳು. ಆ ಮಾತು ತಲೆಯಿಂದ ಹೋಗಲಿಲ್ಲ. ಮನೆಗೆ ಬಂದವಳೇ ನಿಪ್ಪಾಣಿಗೆ ಫೋನ್ ಮಾಡಿ, ನಾನು ಹುಟ್ಟಿದಾಗ ದೊಡ್ಡವ್ವ ಯಾಕೆ ಎಚ್ಚರ ಇದ್ದಳು ಎಂದು ಅವ್ವನನ್ನು ಕೇಳಿದೆ. ಅವ್ವ ಮೊದಲು ಮಾತು ಮರೆಸಲು ನೋಡಿದಳು. ಆಮೇಲೆ ಎಲ್ಲ ಹೇಳಿದಳು. ಅಜ್ಜಿ ತೀರಿಹೋಗಿದ್ದರಿಂದ ತಾನು ಬಾಣಂತನಕ್ಕೆ ನಿನ್ನ ಮನೆಗೇ ಬಂದದ್ದು, ನಿದ್ದೆ ಕೆಟ್ಟು ನನ್ನನ್ನು ಎತ್ತಿಕೊಂಡು ಬಾವಿಯ ಕಡೆ ನಡೆದದ್ದು, ನೀನು ಕೈ ಹಿಡಿದು ತಿರುಗಿ ಕರೆತಂದು ಬಾಗಿಲಿಗೆ ಹೊರಸು ಹಾಕಿದ್ದು, ಮಿರಜಿಗೆ ಕರೆದೊಯ್ದು ಔಷಧ ಕೊಡಿಸಿದ್ದು. ನೀನು ಅದನ್ನು ಯಾರಿಗೂ ಹೇಳಲಿಲ್ಲ. ಅವ್ವನ ಹೆಸರಿಗೆ ಕಲೆ ಹತ್ತಬಾರದೆಂದು ಅದನ್ನೊಂದು ನಗೆಯ ಕಥೆ ಮಾಡಿದೆ, ನಾವೂ ನಕ್ಕೆವು.

ನಾನು ಬದುಕಿರುವುದು ನಿನ್ನಿಂದ ದೊಡ್ಡವ್ವ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆ ಬಾಗಿಲಲ್ಲಿ ಕೂತಾಗಲೂ ನಿನ್ನ ಜಾಗದಲ್ಲಿ ಕೂತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಅವ್ವನ ಮೇಲೆ ಸಿಟ್ಟಾಗಬೇಡ, ನಾನೇ ಕೆದಕಿ ಕೇಳಿದ್ದು, ಹೇಳಿದ ಮೇಲೆ ಅವಳೂ ಹಗುರಾದಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಚಹಾಕ್ಕೆ ಸಕ್ಕರೆ ಕಡಿಮೆ ಮಾಡು.

ನೀನು ಕಾದ ಕೂಸು,
ಸ್ನೇಹಲ

ತಾ.ಕ.: ಇಷ್ಟು ಬರೆದರೂ ಬರೆಯಬೇಕಾದದ್ದೇ ಉಳಿದಿದೆ. ನನಗೀಗ ನಾಲ್ಕು ತಿಂಗಳು. ಸುರಜನ ಬೈಕು ಅದಕ್ಕೇ ಅಷ್ಟು ನಿಧಾನ. ತಾಯಿಗೆ ಬಂದದ್ದು ಮಗಳಿಗೂ ಬರಬಹುದು, ಬರದೆಯೂ ಇರಬಹುದು. ಡಾಕ್ಟರಿಗೂ ಸುರಜನಿಗೂ ಹೇಳಿಟ್ಟಿದ್ದೇನೆ. ಅಂಜಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಾಣಂತನಕ್ಕೆ ಅವ್ವನನ್ನೂ ಕರೆದುಕೊಂಡು ಕರೋಶಿಗೇ ಬರುತ್ತೇನೆ. ಪೆನ್ನು ನಾನೇ ತರುತ್ತೇನೆ, ಗೀಚಿ ನೋಡಿಯೇ ತರುತ್ತೇನೆ. ಆ ಹಳೆಯ ಹೊರಸಿಗೆ ಹೊಸ ಹಗ್ಗ ಹೆಣೆಸಿ ಇಡು. ಮೊದಲ ಪಾಳಿ ನಿನ್ನದು.