ಮೊದಲೇ ಹಾಕಿಟ್ಟ ಸಹಿ

೧೯೮೨ ಆಗಸ್ಟ್ ೧೨, ಗುರುವಾರ.

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮೂರ ಆಸ್ಪತ್ರೆಗೆ ಗುರುವಾರಕ್ಕೊಮ್ಮೆ ಬರುವ ಡಾಕ್ಟರು ಇಡೀ ವಾರದ ಖಾಲಿ ಔಷಧಿ ಚೀಟಿಗಳಿಗೆ ಮೊದಲೇ ಸಹಿ ಹಾಕಿ ಹೋಗುತ್ತಾರೆ. ಆಮೇಲೆ ಅವುಗಳ ಮೇಲೆ ಔಷಧಿ ಬರೆದುಕೊಳ್ಳುವವಳು ನರ್ಸಾದ ನಾನು. ಸೋಮವಾರ ಹೆರಿಗೆಯಾದ ಮಾರೆವ್ವನಿಗೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟೆ, ಉಳಿದಳು. ಅದನ್ನು ಡಾಕ್ಟರ ಸಹಿ ಇಲ್ಲದ ಬೇರೆ ಚೀಟಿಯಲ್ಲಿ ಬರೆದು ನನ್ನ ಸಹಿಯನ್ನೇ ಹಾಕಿದ್ದೆ.

ಇವತ್ತು ಅದನ್ನು ನೋಡಿ ಡಾಕ್ಟರು ಕೆಂಡವಾದರು. "ಡಾಕ್ಟರ್ ಇಲ್ದಾಗ ಸೂಜಿ ಮಾಡಬಾರದಂತ ಕಾಯ್ದೆ ಐತಿ, ಕಳಕಮ್ಮ. ಇದನ್ನ ಹರದು, ನನ್ನ ಸಹಿ ಇರೋ ಚೀಟಿಮ್ಯಾಲ ಬರೀರಿ."

"ಸೋಮವಾರ ನೀವು ಗಂಗಾವತ್ಯಾಗ ಇದ್ರಿ, ಸಾಹೇಬ್ರ. ನಾ ಸುಳ್ಳು ಬರಿಯಂಗಿಲ್ರಿ."

ಅವರು ಸಹಿ ಹಾಕಿಟ್ಟಿದ್ದ ಉಳಿದ ಖಾಲಿ ಚೀಟಿಗಳನ್ನೂ ಅವರ ಕೈಗೇ ಕೊಟ್ಟೆ.

ನೋಟೀಸು ಬಂದರೆ ಬರಲಿ. ನಾಳೆ ಇನ್ನೊಬ್ಬಳಿಗೆ ಹೀಗಾದರೂ ಇಂಜೆಕ್ಷನ್ ಕೊಡುತ್ತೇನೆ, ಮತ್ತೆ ನನ್ನ ಹೆಸರನ್ನೇ ಬರೆಯುತ್ತೇನೆ.