ಪರದೆಯ ಮೇಲಿನ ಕಲೆ

ಮನೆಯಿಂದ,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಮಂಡಿ ಹೇಗಿದೆ? ಅಕ್ಕನ ಮನೆ ಒಗ್ಗಿತೇ? ಹೊಲಿಗೆ ಬಿಚ್ಚಿದರು, ಊತ ಇಳಿದಿದೆ, ಆದರೆ ವ್ಯಾಯಾಮ ಮಾಡಿಸಲು ಬರುವವರ ಜೊತೆ ನಿಮಗೆ ದಿನವೂ ಜಗಳ ಎಂದು ಅಕ್ಕ ಹೇಳಿದಳು. ಇಪ್ಪತ್ತು ಸಲ ಕಾಲು ಮಡಚಿ ಎಂದರೆ ಹನ್ನೆರಡಕ್ಕೇ ನಿಲ್ಲಿಸಿ ಇಪ್ಪತ್ತಾಯಿತು ಎನ್ನುತ್ತೀರಂತೆ. ಜೀವಮಾನವೆಲ್ಲ ಅರ್ಧ ಅಂಗುಲಕ್ಕೆ ಬೇರೆಯವರನ್ನು ಗೋಳು ಹೊಯ್ದುಕೊಂಡವರು ನೀವು. ಈಗ ಎಂಟು ಸಲವನ್ನು ನುಂಗಿಹಾಕುವುದು ನಿಮಗೆ ಒಪ್ಪುವುದಿಲ್ಲ. ನಾನು ಚೆನ್ನಾಗಿದ್ದೇನೆ. ದಿನಾ ಬೆಳಿಗ್ಗೆ ನಿಮ್ಮ ಕೋಣೆಯ ಕಿಟಕಿ ತೆರೆಯುತ್ತೇನೆ, ಇಳಿಜಾರು ಮೇಜಿನ ಧೂಳು ಒರೆಸುತ್ತೇನೆ, ಯಾವುದನ್ನೂ ಜಾಗ ಬದಲಿಸದೆ ಹಾಗೇ ಇಟ್ಟಿದ್ದೇನೆ. ಫೋನಿನಲ್ಲಿ ನೀವು "ಊಟ ಆಯ್ತಾ? ಸರಿ. ಅಕ್ಕನಿಗೆ ಕೊಡ್ತೀನಿ" ಎಂಬ ಮೂರು ಮಾತು ದಾಟುವುದಿಲ್ಲ. ಇದು ಮೂರು ಮಾತಿನಲ್ಲಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸವನ್ನು ನೀವು ಇನ್ನೂ ಕೆಲಸ ಎಂದು ಒಪ್ಪಿಲ್ಲ. ಅದೇ ಮೋಜಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತು ನೀವು ಬಟ್ಟೆಯ ಮೇಲೆ ಶಾಯಿಯಲ್ಲಿ ಬರೆದ ನಕ್ಷೆಗಳನ್ನು ಒಂದೊಂದಾಗಿ ಚಿತ್ರ ತೆಗೆದು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಡುತ್ತಾರೆ. ನಾನು ನಿಮ್ಮ ಗೆರೆಯ ಮೇಲೆ ಗೆರೆ ಎಳೆದು ಹೊಸ ನಕ್ಷೆ ಮಾಡುತ್ತೇನೆ. "ಬರೆದದ್ದನ್ನೇ ಬರೆಯೋಕೆ ಸಂಬಳ ಬೇರೆ ಕೊಡ್ತಾರಾ?" ಎಂದು ನೀವು ನಕ್ಕಿದ್ದಿರಿ. ನನ್ನ ಪಕ್ಕದಲ್ಲಿ ಒಬ್ಬ ಜೊತೆಗಾತಿ ಕೂರುತ್ತಾಳೆ, ಅದು ನೀವೇ ಮಾಡಿದ ನಿಯಮ: ಎಳೆಯುವವರು ಒಬ್ಬರು, ನೋಡುವವರು ಇನ್ನೊಬ್ಬರು. ನಾನು ಎಳೆದ ಪ್ರತಿ ಗೆರೆಯನ್ನೂ ಅದೇ ಹೊತ್ತಿಗೆ ಅವಳು ನೋಡಬೇಕು. ಒಂದೇ ಲ್ಯಾಪ್‌ಟಾಪಿನ ಮುಂದೆ ಭುಜಕ್ಕೆ ಭುಜ ಒತ್ತಿಕೊಂಡು ಕೂತು ಇಬ್ಬರಿಗೂ ಕತ್ತು ನೋವು ಬಂದಿತ್ತು. ನವೆಂಬರಿನಲ್ಲಿ ದೊಡ್ಡ ಮಾನಿಟರ್ ಕೊಟ್ಟರು. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಎರಡರಲ್ಲೂ ಒಂದೇ ಚಿತ್ರ ಬರುವಂತೆ ಮಾಡಿಕೊಂಡೆವು. ದೊಡ್ಡದು ನನಗೆ, ಚಿಕ್ಕದು ಅವಳಿಗೆ. ನಿಯಮವೂ ಉಳಿಯಿತು, ಕತ್ತೂ ಉಳಿಯಿತು ಎಂದು ಖುಷಿಪಟ್ಟೆವು.

ಆದರೆ ದೊಡ್ಡ ಪರದೆಯಲ್ಲಿ ಚಿತ್ರ ಸರಿಯಾಗಿ ಬರಲೇ ಇಲ್ಲ. ಗೆರೆಗಳು ಒದ್ದೆ ಕಾಗದದ ಮೇಲೆ ಎಳೆದಂತೆ ಅಂಚು ಹರಡಿಕೊಂಡಿರುತ್ತಿದ್ದವು. ನಿಮ್ಮ ಅಕ್ಷರಗಳಿಗೆ ಕಂಬಳಿ ಹೊದಿಸಿದ ಹಾಗೆ. ಹಿಗ್ಗಿಸಿ ನೋಡೋಣ ಎಂದರೆ ಮಸುಕೂ ಜೊತೆಯಲ್ಲೇ ಹಿಗ್ಗುತ್ತಿತ್ತು. ನಾನು ಮಾಡದ ಉಪಾಯವಿಲ್ಲ. ಪರದೆ ಒರೆಸಿದೆ. ಕಿಟಕಿಯ ಬೆಳಕು ಬೀಳದ ಹಾಗೆ ಮೇಜು ತಿರುಗಿಸಿದೆ. ಬೆಳಕು ಏರಿಸಿದೆ, ಇಳಿಸಿದೆ. ಚೂಪು ಮಾಡುವ ಗುಂಡಿ ಒತ್ತಿದರೆ ಪ್ರತಿ ಗೆರೆಯ ಸುತ್ತ ಬಿಳಿ ನೆರಳು ಮೂಡಿತು, ಅದನ್ನೂ ವಾಪಸ್ಸು ತಿರುಗಿಸಿದೆ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ಜೊತೆಗಾತಿ ಮಾತ್ರ "ನನಗೆ ಇಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲೇ, ನಿನ್ನ ಕಣ್ಣು ತೋರಿಸ್ಕೋ" ಎಂದಳು. ಕಣ್ಣೂ ತೋರಿಸಿಕೊಂಡೆ. ಕಣ್ಣು ಚೆನ್ನಾಗಿದೆಯಂತೆ. ಮೇಲ್ವಿಚಾರಕರಿಗೆ ಹೇಳಿದೆ. ನಿಮ್ಮ ಕೈಕೆಳಗೆ ಪೆನ್ಸಿಲ್ ಚೂಪು ಮಾಡಲು ಕಲಿತವರು ಈಗ ಮೇಲ್ವಿಚಾರಕರು, ಗೊತ್ತಲ್ಲ. "ಹೊಸದಲ್ವಾ, ಹೊಂದಿಕೊಳ್ಳಿ. ನಿಮ್ಮಪ್ಪ ಲಾಟೀನು ಬೆಳಕಲ್ಲಿ ನಕ್ಷೆ ಬರೆದವರು" ಎಂದರು. ನೀವು ಲಾಟೀನು ಬೆಳಕಿನಲ್ಲಿ ಏನನ್ನೂ ಬರೆದಿಲ್ಲ, ಮೋಡ ಕವಿದರೆ ಪೆನ್ನು ಕೆಳಗಿಟ್ಟು ಎದ್ದುಬರುತ್ತಿದ್ದಿರಿ ಎಂದು ನನಗೆ ಗೊತ್ತು. ಆದರೂ ಹೊಂದಿಕೊಂಡೆ. ಹತ್ತಿರದಿಂದ ನೋಡಿದರೆ ತಲೆನೋವು ಬರುತ್ತದೆಂದು ಇಡೀ ಹಾಳೆಯನ್ನು ದೂರದಿಂದ ನೋಡುತ್ತ ಗೆರೆ ಎಳೆಯುವುದು ರೂಢಿಯಾಯಿತು. ದೂರದಿಂದ ಗೆರೆ ಗೆರೆಯ ಹಾಗಾದರೂ ಕಾಣುತ್ತಿತ್ತು.

ಜನವರಿಯಲ್ಲಿ ಕಾಲುವೆಯ ಹಿಂದಿನ ಬೀದಿಯ ಹಾಳೆ ಬಂತು. ನೀವು ನಿವೃತ್ತಿಯಾಗುವ ವರ್ಷ ಬರೆದದ್ದು, ಮೂಲೆಯಲ್ಲಿ ನಿಮ್ಮ ಸಹಿ ಇದೆ. ಅದರಲ್ಲಿ ಎರಡು ನಿವೇಶನಗಳ ನಡುವೆ ಒಂದು ದಪ್ಪ ಗೆರೆ, ಗೆರೆಯ ಮೇಲೊಂದು ಕಂದು ಕಲೆ. ಮೊದಲು ಪರದೆಗೆ ಧೂಳು ಹತ್ತಿದೆ ಎಂದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಹಾಗಾದರೆ ಬಟ್ಟೆಗೇ ಹತ್ತಿದ ಕಲೆ ಎಂದು ತೀರ್ಮಾನಿಸಿದೆ. ಇಂಥ ಕಲೆ ಅಳಿಸಲು ನಮ್ಮಲ್ಲಿ ಒಂದು ಉಪಕರಣವಿದೆ, ಎರಡು ಸಲ ಒತ್ತಿದರೆ ಸಾಕು. ಒತ್ತಿದೆ. ದಪ್ಪ ಗೆರೆಯ ನಟ್ಟನಡುವೆ ನನ್ನ ತೆಳು ಗೆರೆ ಎಳೆದೆ. ಜೊತೆಗಾತಿ ನಿವೇಶನದ ಸಂಖ್ಯೆಗಳನ್ನು ಓದಿ ಸರಿ ಎಂದಳು. ಸಹಿ ಹಾಕಿ ಕಳಿಸಿದೆವು.

ಮೂರು ವಾರದ ಹಿಂದೆ ಒಬ್ಬಾಕೆ ಕಚೇರಿಗೆ ಬಂದರು. ಐವತ್ತರ ಮೇಲಿನ ವಯಸ್ಸು, ಸೂಜಿ ಚುಚ್ಚದಿರಲೆಂದು ಹಾಕುವ ಲೋಹದ ಟೋಪಿ ಬೆರಳಲ್ಲಿ ಹಾಗೇ ಇತ್ತು. ಅಂಗಿ ಕಾರ್ಖಾನೆಗೆ ಗುಂಡಿ ಹೊಲಿದುಕೊಡುವವರು, ಆ ಎರಡು ನಿವೇಶನಗಳ ಹಿಂಬದಿಯ ಮನೆಯಲ್ಲಿ ವಾಸ. ಬೀದಿಯಿಂದ ಅವರ ಮನೆಗೆ ಹೋಗಲು ಮುಂದಿನ ಮನೆಯ ಪಕ್ಕದಲ್ಲೇ ಒಂದು ಓಣಿ ಇತ್ತಂತೆ. ಅಂಗಿಯ ಮೂಟೆ ಹೊತ್ತ ತಳ್ಳುಗಾಡಿ ಅದರಲ್ಲೇ ಬರುತ್ತಿತ್ತು. ಈಗ ಮುಂದಿನ ಮನೆಯವರು ಹೊಸ ನಕ್ಷೆ ತಂದು ತೋರಿಸಿ, ಓಣಿಗೆ ಗೇಟು ಹಾಕಿ ಬೀಗ ಜಡಿದಿದ್ದಾರೆ. ಆಕೆ ಬಲಗಡೆಯ ಮನೆಯವರ ಅಡುಗೆಮನೆ ಹಾದು ತಮ್ಮ ಮನೆ ಸೇರಬೇಕಾಗಿದೆ. ಮೂಟೆಗಳನ್ನು ಗೋಡೆಯ ಮೇಲಿಂದ ದಾಟಿಸಬೇಕು. "ಎರಡು ದಿನ ಸುಮ್ನಿದ್ರು, ಮೂರನೇ ದಿನ ಅವರ ಸೊಸೆ, ನಿಮ್ಮ ಮೂಟೆ ನೋಡಿ ನೋಡಿ ನಮ್ಮ ಹಾಲು ಉಕ್ತು ಅಂದ್ಲು. ನಂದೇನು ತಪ್ಪು ಹೇಳಿ, ಹಾಲಿಗೆ ನಾನು ಹೇಳಿದ್ನಾ?" ಎಂದರು ಆಕೆ. ನಗಿಸಲು ಹೇಳಿದ ಮಾತಲ್ಲ, ಆದರೂ ನಮಗೆ ನಗು ಬಂತು. ಕಾರ್ಖಾನೆಯವರು ಗಾಡಿ ನಿಲ್ಲುವ ಜಾಗ ಇರುವ ಬೇರೆಯವರನ್ನು ಹುಡುಕುತ್ತಿದ್ದಾರೆ ಎಂದು ಆಮೇಲೆ ಹೇಳಿದರು.

ಮೇಲ್ವಿಚಾರಕರು ಆಕೆಯನ್ನು ನನ್ನ ಮೇಜಿಗೆ ಕರೆತಂದು, ನಿಮ್ಮ ಹಳೆಯ ನಕ್ಷೆಯ ಚಿತ್ರವನ್ನು ದೊಡ್ಡ ಪರದೆಯಲ್ಲಿ ತೆಗೆಯಲು ಹೇಳಿದರು. ರೂಢಿಯಂತೆ ಇಡೀ ಹಾಳೆ ತೆಗೆದೆ: ಒಂದು ದಪ್ಪ ಗೆರೆ, ಒಂದು ಕಲೆ. ಓಣಿ ಇಲ್ಲ. ಆಕೆ ಪರದೆಯ ಹತ್ತಿರ ಬಗ್ಗಿ ನೋಡಿ, "ಅಳತೆಗೆ ಬಂದಿದ್ದ ಯಜಮಾನ್ರು ನಮ್ಮ ಜಗಲಿ ಮೇಲೇ ಕೂತು ನೀರು ಕುಡಿದ್ರು. ಓಣೀಲಿ ಟೇಪು ಹಿಡಿದು ಅಡ್ಡಡ್ಡ ಅಳೆದ್ರು. ಗಾಡಿ ತಿರುಗತ್ತಾ ಅಂತ ಕೇಳಿದ್ರು" ಎಂದರು. ನನಗೆ ನೀವೇ ಕಣ್ಣೆದುರು ಬಂದಿರಿ. ಗಾಡಿ ತಿರುಗುತ್ತದಾ ಎಂದು ಕೇಳುವವರು ನೀವೊಬ್ಬರೇ. ಮೇಲ್ವಿಚಾರಕರು ಮೆಲ್ಲಗೆ, "ಅಳೆದಿರಬಹುದು ಅಮ್ಮ, ಬರೆಯೋದು ಬಿಟ್ಟಿದ್ದಾರೆ. ರಿಟೈರಾಗೋ ವರ್ಷ, ಕೈ ಸೋತಿರತ್ತೆ" ಎಂದರು. ನಿಮ್ಮ ಹಳೆಯ ನಕ್ಷೆಯೇ ತಪ್ಪು ಎಂದು ವರದಿ ಹೋಯಿತು. ಅದು ಮಂಜೂರಾದರೆ ನಿಮ್ಮ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ರದ್ದು ಮಾಡುತ್ತಾರೆ, ಓಣಿಯಿಲ್ಲದ ನನ್ನ ಹೊಸ ನಕ್ಷೆಯೊಂದೇ ದಾಖಲೆಯಾಗಿ ಉಳಿಯುತ್ತದೆ. ಮುಂದಿನ ಮನೆಯವರು ಗೇಟಿನ ಜಾಗದಲ್ಲಿ ಗೋಡೆ ಕಟ್ಟಲು ಇಟ್ಟಿಗೆ ಇಳಿಸಿಕೊಂಡಿದ್ದಾರೆ. ಬುಧವಾರ ಪಾಯ ತೆಗೆಯುತ್ತಾರಂತೆ.

ಕಳೆದ ಮಂಗಳವಾರ ಕಂಪ್ಯೂಟರ್ ರಿಪೇರಿಯವರು ಕಚೇರಿಗೆ ಬಂದಿದ್ದರು. ಬೇರೆ ಯಾರದೋ ಪ್ರಿಂಟರ್ ನೋಡಲು ಬಂದವರು ನನ್ನ ಹಿಂದೆ ನಿಂತು, "ಇದೇನು ಮೇಡಂ, ಇಷ್ಟು ಒಳ್ಳೆ ಮಾನಿಟರಿಗೆ ಈ ಗತಿ?" ಎಂದರು. ನಾಲ್ಕು ತಿಂಗಳ ನನ್ನ ಗೋಳು ಅವರ ಕೈಯಲ್ಲಿ ಹತ್ತು ನಿಮಿಷದ್ದು. ಎರಡು ಪರದೆಗೂ ಒಂದೇ ಚಿತ್ರ ಬರಲಿ ಎಂದು ನಾವು ಹೇಳಿದ್ದರಿಂದ, ಲ್ಯಾಪ್‌ಟಾಪು ತನ್ನ ಚಿಕ್ಕ ಪರದೆಗೆ ಎಷ್ಟು ಚುಕ್ಕೆ ಬೇಕೋ ಅಷ್ಟನ್ನೇ ದೊಡ್ಡದಕ್ಕೂ ಕಳಿಸುತ್ತಿತ್ತು. ದೊಡ್ಡದು ಅದನ್ನು ಎಳೆದು ಎಳೆದು ತನ್ನ ಅಗಲಕ್ಕೆ ತುಂಬಿಸಿಕೊಳ್ಳುತ್ತಿತ್ತು. "ಸಣ್ಣವರ ಅಂಗಿ ದಪ್ಪಗಿರೋರಿಗೆ ತೊಡಿಸಿದ್ದೀರಿ, ಹೊಲಿಗೆ ಬಿಡದೆ ಇನ್ನೇನು?" ಎಂದರು. ಎರಡು ಪರದೆಗಳನ್ನು ಬೇರೆ ಬೇರೆ ಮಾಡಿದರು, ದೊಡ್ಡದಕ್ಕೆ ಅದರದೇ ಅಳತೆ ಕೊಟ್ಟರು, ಹಳೇ ಕೇಬಲ್ ತೆಗೆದು ಬೇರೆ ನಮೂನೆಯದು ಸಿಕ್ಕಿಸಿದರು. ಅಷ್ಟೇ. ಪರದೆ ತೊಳೆದಿಟ್ಟ ಗಾಜಿನಂತಾಯಿತು. ನಮ್ಮ ನಿಯಮ ಪಾಲಿಸಲು ಹೋಗಿಯೇ ಕೆಟ್ಟಿತ್ತು, ಅಪ್ಪಾ. ಇಬ್ಬರು ನೋಡಬೇಕು ಎಂದು ನೀವು ಮಾಡಿದ್ದು ಎರಡು ನೋಟ ಇರಲಿ ಎಂದು. ಇಡೀ ಹಾಳೆ ತೆಗೆದಾಗ ಸಣ್ಣ ಅಕ್ಷರಕ್ಕೆ ಸಾಲುವಷ್ಟು ಚುಕ್ಕೆ ಅವಳ ಚಿಕ್ಕ ಪರದೆಯಲ್ಲೂ ಇರಲಿಲ್ಲ; ನಾವಿಬ್ಬರೂ ಒಂದೇ ನೋಟ ನೋಡಿದೆವು.

ಅವರು ಹೋದ ಮೇಲೆ ಕಾಲುವೆಯ ಹಿಂದಿನ ಹಾಳೆ ತೆಗೆದು ಹಿಗ್ಗಿಸಿದೆ. ದಪ್ಪ ಗೆರೆ ಎರಡಾಯಿತು. ಕಲೆ ಅಕ್ಷರವಾಯಿತು. ನಂಬದೆ ದಾಖಲೆ ಕೋಣೆಗೆ ಹೋಗಿ ಮೂಲ ಬಟ್ಟೆಯನ್ನೇ ಕೇಳಿ ಪಡೆದೆ. ನೀವು ಕಲಿಸಿದ ಹಾಗೆ ಕಿಟಕಿಗೆ ಹಿಡಿದೆ, ತಲೆಕೆಳಗು ಮಾಡಿ. "ನೇರ ಹಿಡಿದ್ರೆ ಕಣ್ಣು ತಾನು ಅಂದ್ಕೊಂಡಿದ್ದನ್ನ ನೋಡತ್ತೆ, ತಿರುಗಿಸಿದ್ರೆ ಇರೋದನ್ನ ನೋಡತ್ತೆ" ಎನ್ನುತ್ತಿದ್ದಿರಿ. ಎರಡು ಗೆರೆ, ಪ್ರತಿ ತಿರುವಿನಲ್ಲೂ ಗುರುತಿಗೆಂದು ನೀವು ಚುಚ್ಚಿದ ಸೂಜಿಯ ತೂತು, ತೂತಿನಿಂದ ಬೆಳಕು. ನಡುವೆ ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರದಲ್ಲಿ "ಹಾದಿ, ಮೂರೂವರೆ ಅಡಿ, ಗಾಡಿಗೆ ಸಾಕು". ನಿಮ್ಮ ಕೈ ಸೋತಿರಲಿಲ್ಲ. ಆ ಅಕ್ಷರಗಳನ್ನೇ ನಾನು ಸೆರಗಿನಿಂದ ಒರೆಸಿದ್ದು.

ಇದನ್ನು ಓದಿ ನೀವು ಎದ್ದು ಓಡಾಡಬೇಡಿ, ಮಂಡಿ ಜೋಪಾನ. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸಿ. ವ್ಯಾಯಾಮ ಮಾಡಿಸುವವರ ಮಾತು ಕೇಳಿ, ಇಪ್ಪತ್ತೆಂದರೆ ಇಪ್ಪತ್ತು. ನಿಮ್ಮ ಆಶೀರ್ವಾದ ಈ ವಾರ ನನಗೆ ಎಂದಿಗಿಂತ ಹೆಚ್ಚು ಬೇಕಾಗಿದೆ.

ನಿಮ್ಮ,
ಚಿಕ್ಕವಳು

ತಾ.ಕ.: ಮೇಲೆ "ವರದಿ ಹೋಯಿತು" ಎಂದು ಬರೆದಿದ್ದೇನೆ. ಅದು ತಾನಾಗಿ ಹೋಗಲಿಲ್ಲ. ಮೇಲ್ವಿಚಾರಕರು ಹೇಳಿದರು, ನಾನು ನನ್ನ ಕೈಯಾರೆ ಬರೆದೆ: "ಮೂಲ ನಕ್ಷೆಯಲ್ಲಿ ಹಾದಿ ತೋರಿಸಿಲ್ಲ, ಮೂಲದಲ್ಲೇ ಲೋಪ." ಮೂಲವನ್ನು ನೋಡಿರಲಿಲ್ಲ. ನೀವು ನಿವೃತ್ತರು, ನಿಮಗೇನೂ ಆಗುವುದಿಲ್ಲ, ನನ್ನ ಕೆಲಸ ಮಾತ್ರ ಮುಂದಿನ ತಿಂಗಳು ಖಾಯಂ ಆಗಬೇಕಿದೆ ಎಂಬ ಯೋಚನೆ ಬರೆಯುವಾಗ ತಲೆಯಲ್ಲಿತ್ತು. ಇರಲಿಲ್ಲ ಎಂದು ಹೇಳಲಾರೆ. ಸತ್ಯ ಗೊತ್ತಾಗಿ ಇವತ್ತಿಗೆ ಐದು ದಿನ, ಯಾರಿಗೂ ಹೇಳಿಲ್ಲ. ತಿದ್ದುಪಡಿಯ ನಮೂನೆ ತುಂಬಿ ಚೀಲದಲ್ಲಿಟ್ಟಿದ್ದೇನೆ. ಲೋಪ ಎಲ್ಲಿ ಎಂಬಲ್ಲಿ "ಪ್ರತಿಯಲ್ಲಿ" ಎಂದು ಗುರುತು ಹಾಕಿದೆ. ಕಾರಣ ಎಂಬಲ್ಲಿ ಮೊದಲು ಮಾನಿಟರ್ ಎಂದು ಬರೆದಿದ್ದೆ, ಹೊಡೆದುಹಾಕಿ ನನ್ನ ಹೆಸರು ಬರೆದೆ. ಜೊತೆಗಾತಿಯ ಹೆಸರು ಬರೆದಿಲ್ಲ. ನಾಳೆ ಹತ್ತು ಗಂಟೆಗೆ ಕೊಡುತ್ತೇನೆ. ನೀವು ಮೇಲ್ವಿಚಾರಕರಿಗೆ ಫೋನ್ ಮಾಡಿ ನನ್ನ ಪರ ಒಂದು ಮಾತೂ ಆಡಕೂಡದು. ಕಚೇರಿಯ ದಾರಿಯಲ್ಲಿ ಅಂಚೆ ಪೆಟ್ಟಿಗೆ ಮೊದಲು ಸಿಗುತ್ತದೆ. ಈ ಕಾಗದವನ್ನು ಅದರೊಳಗೆ ಹಾಕಿಯೇ ಮುಂದೆ ಹೋಗುತ್ತೇನೆ, ಆಮೇಲೆ ನಮೂನೆ ಕೊಡದೆ ಮನೆಗೆ ಬರಲು ನನಗೆ ದಾರಿಯಿರುವುದಿಲ್ಲ.